ಬಿಡೂದಕ್ಕ ವಿರುದ್ಧ ಏನ್ರಿ, ಅಕ್ಕೋರ?

ಹೋದ ತಿಂಗಳು ಹುಕ್ಕೇರಿಯಿಂದ ಫೋನು ಬಂತು. ಮಾಡಿದವಳು ವಿದ್ಯಾ, ನನ್ನ ತಂಗಿಯ ಮಗಳು. ಅಲ್ಲಿಯ ಒಂದು ಹೈಸ್ಕೂಲಿಗೆ ಇಂಗ್ಲಿಷ್ ಕಲಿಸಲು ಈ ವರ್ಷವಷ್ಟೇ ಸೇರಿದ್ದಾಳೆ. ಆರಾಮ ಇದ್ದೀಯಾ, ಊಟ ಆಯಿತಾ, ಒಂದೂ ಇಲ್ಲ.

‘ದೊಡ್ಡವ್ವ, ಲೀವ್‌ಗೆ ಆಪೋಜಿಟ್ ಏನ?’ ಅಂದಳು.

‘ಯಾವ ಲೀವ್?’

‘ಯಾವ ಲೀವ್ ಅಂದ್ರ? ಬಾಜೂ ಕ್ಲಾಸಿನ ಸರ್ ಅರೈವ್ ಅಂತಾರ. ಗೈಡಿನ್ಯಾಗ ಸ್ಟೇ ಅಂತ ಐತಿ. ಫೋನಿನ್ಯಾಗ ನೋಡಿದ್ರ ಪುಟಾ ತುಂಬ ಬರಾಕತ್ತಾವ. ನೀ ಜೀವಮಾನಾ ಇದನ್ನ ಕಲಿಸೀದಿ. ಲಗೂ ಹೇಳ, ಮುಂದಿನ ತಾಸ ನಂದ ಐತಿ.’

‘ಸಂಜಿಕ್ಕ ಹೇಳತೇನಿ’ ಅಂದು ಫೋನು ಇಟ್ಟೆ. ಸಂಜೆಗೆ ಹೇಳಲಿಲ್ಲ. ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತೆ. ವಿದ್ಯಾ ಓದಲಿ, ಅವಳಂತೆ ಹೊಸದಾಗಿ ಈ ಕೆಲಸಕ್ಕೆ ಬಂದವರೂ ಓದಲಿ. ನಾನು ಯಾವಾಗ ಹೆಡ್‌ಮಿಸ್ಟ್ರೆಸ್ ಆದೆ, ಯಾರು ಶಾಲು ಹೊದಿಸಿದರು ಎಂಬುದೆಲ್ಲ ನಮ್ಮ ಮನೆಯವರಿಗೇ ಮರೆತುಹೋಗಿದೆ, ಅದು ಇರಲಿ. ಇದು ಒಂದೇ ಒಂದು ಕ್ರಿಯಾಪದ ನನ್ನ ತಲೆಯನ್ನು ಮೊಸರುಗಡಿಗೆ ಮಾಡಿದ ಕಥೆ. ಕೊನೆಗೆ ಉತ್ತರ ಸಿಗುತ್ತದೆ ಎಂದು ನಂಬಿ ಓದಬೇಡಿ. ನನಗೇ ಸಿಕ್ಕಿಲ್ಲ.

ನಾನು ಸಂಕೇಶ್ವರದವಳು. ಮೊದಲ ನೌಕರಿ ಸಿಕ್ಕಿದ್ದು ಹತ್ತಿರದಲ್ಲೇ, ಕಣಗಲಾದಲ್ಲಿ. ಹೈವೇದ ಲಾರಿಗಳ ಸದ್ದು ನಿಂತಾಗ ಪಾಠ, ಸದ್ದು ಬಂದಾಗ ಸುಮ್ಮನೆ. ಆಗ ವಿರುದ್ಧಪದ ಕಲಿಸುವ ಪದ್ಧತಿ ಬಹಳ ಸುಲಭ. ಬೋರ್ಡಿನ ಮೇಲೆ ಎಡಕ್ಕೊಂದು ಶಬ್ದ, ಬಲಕ್ಕೊಂದು ಶಬ್ದ, ನಡುವೆ ಗುಣಾಕಾರದ ಗುರುತು. ಮಕ್ಕಳು ಅದನ್ನು ಗಣಿತದ ತಾಸಿನಲ್ಲಿ ಓದಿದ ಹಾಗೇ ಓದುತ್ತಿದ್ದರು. ‘ಕಮ್ ಇಂಟು ಗೋ! ಗಿವ್ ಇಂಟು ಟೇಕ್! ಲೀವ್ ಇಂಟು ಅರೈವ್!’ ಇಡೀ ಕೋಣೆ ಒಂದೇ ರಾಗದಲ್ಲಿ ಕೂಗುವಾಗ ನನಗೂ ಎದೆ ಉಬ್ಬುತ್ತಿತ್ತು. ಇಂಗ್ಲಿಷು ಇಷ್ಟೇ ಎಂದುಕೊಂಡಿದ್ದೆ.

ಒಂದು ದಿನ ಸಾಹೇಬರು ತಪಾಸಣೆಗೆ ಬಂದರು. ಮೈಸೂರು ಕಡೆಯವರು, ಮೆತ್ತಗೆ ಮಾತಾಡುವವರು. ಹಿಂದಿನ ಬೆಂಚಿನಲ್ಲಿ ಕೂತು ಕೂಗಾಟವನ್ನೆಲ್ಲ ಕೇಳಿ ಎದ್ದು ನಿಂತರು.

‘ತುಂಬಾ ಚೆನ್ನಾಗಿದೆ. ಈಗ ನಾನೊಂದು ವಾಕ್ಯ ಹೇಳ್ತೀನಿ. ಐ ಲೆಫ್ಟ್ ಮೈ ಪೆನ್ ಅಟ್ ಹೋಮ್. ಇದರ ವಿರುದ್ಧಾರ್ಥ ಯಾರು ಹೇಳ್ತೀರಿ?’

ಮುಂದಿನ ಬೆಂಚಿನವಳು ಎದ್ದು ಗಟ್ಟಿಯಾಗಿ ಹೇಳಿದಳು: ‘ಐ ಅರೈವ್ಡ್ ಮೈ ಪೆನ್ ಅಟ್ ಹೋಮ್!’

ಸಾಹೇಬರು ನಕ್ಕರು. ನನ್ನ ಕಿವಿ ಬಿಸಿಯಾದವು. ಸಾಹೇಬರು ನಕ್ಕದ್ದನ್ನು ನೋಡಿ ಮಕ್ಕಳಿಗೆ ಹುರುಪು ಬಂದು, ಕೇಳದೆಯೇ ಒಬ್ಬೊಬ್ಬರಾಗಿ ಎದ್ದರು. ಒಬ್ಬ ‘ಕ್ಯಾಚ್ ರಿ’ ಅಂದ. ಕನ್ನಡದಲ್ಲಿ ಬಿಡು ಎಂಬುದಕ್ಕೆ ಹಿಡಿ ತಾನೇ ವಿರುದ್ಧ, ಅವನ ಲೆಕ್ಕ ಬರೋಬ್ಬರಿ. ಇನ್ನೊಬ್ಬಳು ‘ಲೆಫ್ಟ್ ಇಂಟು ರೈಟ್’ ಅಂದಳು, ಅದಕ್ಕೂ ಯಾರು ಏನು ಹೇಳಬೇಕು? ಮೂಲೆಯಲ್ಲಿದ್ದ ಸಣ್ಣವಳೊಬ್ಬಳು ಎದ್ದು ‘ಫುಲ್’ ಅಂದಳು.

‘ಫುಲ್ಲಾ? ಅದೆಲ್ಲಿಂದ ಬಂತಮ್ಮ?’

‘ಸಾಹೇಬ್ರ, ಸಾಲಿ ಮುಂಜಾನೆ ತುಂಬತೈತಿ. ಸಂಜಿಕ್ಕ ಬಿಡತೈತಿ.’

‘ಏನು ತುಂಬತ್ತೆ?’

‘ಸಾಲಿ ರಿ.’

ಸಾಹೇಬರು ನನ್ನ ಮುಖ ನೋಡಿದರು. ನಮ್ಮ ಗಡಿಭಾಗದಲ್ಲಿ ಹಾಗೆಯೇ ಹೇಳುವುದು. ಬಾಜೂ ಓಣಿಯ ಮರಾಠಿ ಸಾಲಿ ‘ಭರತೇ’, ನಮ್ಮ ಸಾಲಿ ‘ತುಂಬತೈತಿ’. ಗಂಟೆ ಹೊಡೆದು ಮಕ್ಕಳು ಒಳಗೆ ಬಂದರೆ ಸಾಲಿ ತುಂಬಿತು, ಹೊರಗೆ ಹೋದರೆ ಸಾಲಿ ಬಿಟ್ಟಿತು. ನಾನೂ ಹಾಗೆ ಹೇಳುತ್ತಲೇ ಬೆಳೆದವಳು. ಇದನ್ನು ಮೈಸೂರು ಕಡೆಯವರಿಗೆ ಹೇಗೆ ಬಿಡಿಸಿ ಹೇಳುವುದೆಂದು ತಿಳಿಯದೆ ನಿಂತಿದ್ದಾಗ ಹೆಡ್‌ಮಾಸ್ತರರು ಬಾಗಿಲಿನಿಂದ, ‘ಹುಡುಗರು ತುಂಬತಾರ್ರಿ ಸಾಹೇಬ್ರ, ಚೀಲದಾಗ ಜ್ವಾಳಾ ತುಂಬಿದಂಗ’ ಎಂದು ನನ್ನನ್ನು ಪಾರು ಮಾಡಿದರು.

ಸಾಹೇಬರು ಹೋಗುವಾಗ ಜೀಪಿನ ಹತ್ತಿರ ನಿಂತು, ‘ಮೇಡಂ, ಲೀವ್‌ಗೆ ಸ್ಟೇ ಅಂತ ಹೇಳಿಕೊಡಿ’ ಅಂದರು. ಜೀಪು ತಿರುವಿಗೆ ಹೋಗುವುದರೊಳಗೆ ಹೆಡ್‌ಮಾಸ್ತರರು ಕರೆದರು. ‘ಅಕ್ಕೋರ, ಆ ಸ್ಟೇ ಗೀ ಏನೂ ಬ್ಯಾಡ್ರಿ. ನೌಕರಿ ಭಾಷಾದಾಗ ಲೀವ್ ಅಂದ್ರ ರಜಾ. ರಜಾ ಮುಗದ ಮ್ಯಾಲ ನೀವು ಏನ ಮಾಡತೀರಿ? ಜಾಯಿನ್ ಆಗತೀರಿ. ಲೀವ್ ಇಂಟು ಜಾಯಿನ್. ನಾಳಿಂದ ಅದನ್ನ ಹೇಳಸ್ರಿ.’

ಒಂದೇ ಮಧ್ಯಾಹ್ನದಲ್ಲಿ ಅರೈವ್, ಸ್ಟೇ, ಜಾಯಿನ್ ಮೂರೂ ನನ್ನ ಕೊರಳಿಗೆ ಬಿದ್ದವು. ಮರುದಿನ ಬೋರ್ಡಿನ ಮೇಲೆ ಲೀವ್ ಎಂದು ಬರೆದು, ಗುಣಾಕಾರದ ಗುರುತು ಹಾಕಿ, ಬಲಗಡೆ ಏನು ಬರೆಯಬೇಕೆಂದು ಸೀಮೆಸುಣ್ಣ ಹಿಡಿದು ನಿಂತುಬಿಟ್ಟೆ. ಅಷ್ಟರಲ್ಲಿ ಲಾರಿ ಬಂತು. ಲಾರಿಗಳ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅವತ್ತೇ.

ಕೆಲವು ವರ್ಷಗಳ ನಂತರ ವರ್ಗವಾಗಿ ತುಕ್ಕಾನಟ್ಟಿಗೆ ಬಂದೆ. ಅಷ್ಟರಲ್ಲಿ ಪದ್ಧತಿ ಬದಲಾಗಿತ್ತು. ಬಾಯಿಪಾಠ ಮಾಡಿಸಿದರೆ ಪಾಪ ಎನ್ನುವ ಕಾಲ. ಮಕ್ಕಳು ಆಡಬೇಕು, ಆಡುತ್ತ ಕಲಿಯಬೇಕು. ನಮಗೆಲ್ಲ ಗೋಕಾಕಿನಲ್ಲಿ ತರಬೇತಿ ಕೊಟ್ಟರು. ತರಬೇತಿ ಕೊಟ್ಟ ತರುಣ ನಮ್ಮ ಸಾಲಿಗೂ ಬಂದು ಒಂದು ಆಟ ಆಡಿಸಿ ತೋರಿಸಿದ. ಕೊರಳಲ್ಲಿ ಸೀಟಿ, ಕೈಯಲ್ಲಿ ಬಣ್ಣಬಣ್ಣದ ರಟ್ಟಿನ ಚೀಟಿ. ಒಬ್ಬೊಬ್ಬರ ಕೈಗೆ ಒಂದೊಂದು ಶಬ್ದ ಕೊಟ್ಟು, ಸೀಟಿ ಊದಿದ ಕೂಡಲೇ ತಮ್ಮ ತಮ್ಮ ವಿರುದ್ಧಪದವನ್ನು ಹುಡುಕಿ ಜೋಡಿಯಾಗಿ ನಿಲ್ಲಬೇಕು ಎಂದ. ಅಂಗಳದಲ್ಲಿ ಧೂಳೋ ಧೂಳು. ಗಿವ್ ಹೋಗಿ ಟೇಕಿನ ಕೈ ಹಿಡಿಯಿತು. ಅರೈವ್ ಹೋಗಿ ಡಿಪಾರ್ಟ್ ಪಕ್ಕ ನಿಂತಿತು. ಸ್ಟೇಯನ್ನು ಗೋ ಎಳೆದುಕೊಂಡು ಹೋಯಿತು.

ಧೂಳು ಇಳಿದಾಗ ನಡುವೆ ಒಬ್ಬಳೇ ಒಬ್ಬ ಹುಡುಗಿ ನಿಂತಿದ್ದಳು. ಲಗಮವ್ವ. ಒಂಬತ್ತನೆಯ ಇಯತ್ತೆ, ಎರಡು ಜಡೆ, ದೊಡ್ಡ ಹೆಜ್ಜೆಯ ಹುಡುಗಿ. ಅವಳ ಚೀಟಿಯಲ್ಲಿ ಲೀವ್ ಇತ್ತು.

ತರಬೇತಿಯವನು ತನ್ನ ಪಟ್ಟಿ ನೋಡಿದ, ಮತ್ತೊಮ್ಮೆ ನೋಡಿದ. ಅವನ ಆಟದಲ್ಲಿ ಒಂದು ಚೀಟಿ ಹೆಚ್ಚಾಗಿತ್ತು. ‘ಇರಲಿ ಮೇಡಂ, ಆಕೀನ್ನ ಬಿಡ್ರಿ’ ಅಂದ.

ಬಾವಿಕಟ್ಟೆಯ ಹತ್ತಿರ ಯಾರೋ ಕಿಸಕ್ಕನೆ ನಕ್ಕು, ‘ಬಿಟ್ಟಾಕಿ ಮಗಳ ಕೈಯಾಗ ಬಿಡೂ ಚೀಟಿ’ ಅಂದರು. ಅವರನ್ನು ಹುಡುಕಿ ಹೊಡೆಯಬೇಕೆನ್ನುವಷ್ಟು ಸಿಟ್ಟು ಬಂತು ನನಗೆ. ಲಗಮವ್ವ ಅಳಲಿಲ್ಲ. ಚೀಟಿಯನ್ನು ತಿರುಗಿಸಿ ಹಿಂದೆ ಏನಾದರೂ ಇದೆಯೋ ಎಂದು ನೋಡಿ ಕೇಳಿದಳು: ‘ಇದಕ್ಕ ವಿರುದ್ಧ ಇಲ್ಲೇನ್ರಿ, ಅಕ್ಕೋರ?’

‘ಐತವ್ವಾ’ ಅಂದೆ. ಯಾವುದು ಎಂದು ಹೇಳಲಿಲ್ಲ.

ಅವಳ ಕಥೆ ಊರಿಗೇ ಗೊತ್ತಿತ್ತು, ಅಂದರೆ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ತಾಯಿ ಕಲ್ಲವ್ವ ತುಕ್ಕಾನಟ್ಟಿಯ ಮಗಳು. ಸಂಕೇಶ್ವರದ ಆಚೆಯ ಹಳ್ಳಿಗೆ ಕೊಟ್ಟಿದ್ದರು. ಹಿಂದಿನ ವರ್ಷ ಮಗಳನ್ನು ಕರೆದುಕೊಂಡು ತವರಿಗೆ ಬಂದವಳು ತಿರುಗಿ ಹೋಗಲಿಲ್ಲ. ಅರಿಷಿಣದ ಹೊಲಕ್ಕೆ, ಕಬ್ಬಿನ ಗದ್ದೆಗೆ ಕೂಲಿಗೆ ಹೋಗುತ್ತಿದ್ದಳು. ಊರಲ್ಲಿ ಅವಳಿಗೆ ‘ಗಂಡ ಬಿಟ್ಟಾಕಿ’ ಎಂದು ಹೆಸರು. ಈಗ ನೀವೇ ಹೇಳಿ, ಗಂಡ ಬಿಟ್ಟಾಕಿ ಅಂದರೆ ಗಂಡ ಇವಳನ್ನು ಬಿಟ್ಟನೋ, ಇವಳೇ ಗಂಡನನ್ನು ಬಿಟ್ಟಳೋ? ನಮ್ಮ ಮಾತಿನಲ್ಲಿ ಎರಡಕ್ಕೂ ಅದೇ. ಊರವರು ಗಂಡನೇ ಬಿಟ್ಟಿದ್ದಾನೆ ಎಂದುಕೊಂಡಿದ್ದರು, ಯಾಕೆಂದರೆ ಹಾಗೆ ಅಂದುಕೊಳ್ಳುವುದು ಅವರಿಗೆ ರೂಢಿ.

ಆ ಚೀಟಿಯ ಆಟವಾದ ಮೇಲೆ ಲಗಮವ್ವನಿಗೆ ಲೀವ್ ಬೆನ್ನು ಹತ್ತಿತು. ಅವಳ ಮೂಲಕ ನನಗೂ. ದಿನಾ ಹೊಸದೊಂದು ತರುತ್ತಿದ್ದಳು. ‘ಅಕ್ಕೋರ, ಕಾಲುವಿಗೆ ನೀರ ಬಿಟ್ಟಾರ. ಇದೂ ಲೀವ್ ಏನ್ರಿ?’ ಅಲ್ಲವ್ವಾ, ಅದು ರಿಲೀಸ್. ‘ಬದನೀಗಿಡಾ ಹೂ ಬಿಟ್ಟೈತಿ?’ ಅದು ಲೀವ್ ಅಲ್ಲ, ಬ್ಲೂಮ್. ‘ಮಾಮಾ ನನ್ನ ಸೈಕಲ್ ಮ್ಯಾಲ ಸಾಲೀಗ ಬಿಟ್ಟಾ?’ ಅದು ಡ್ರಾಪ್. ‘ಬಸ್ ಬಿಟ್ಟಿತು?’ ಹಾಂ, ಅದು ಲೀವ್! ಒಂದು ಸಿಕ್ಕಿತಲ್ಲ ಎಂದು ಇಬ್ಬರೂ ಖುಷಿಯಾಗುತ್ತಿದ್ದೆವು. ಒಮ್ಮೆ ‘ಹೋಗ್ಲಿ ಬಿಡ’ ಎಂದು ಬೇರೆ ಯಾರಿಗೋ ಹೇಳುತ್ತಿದ್ದೆ, ಅವಳು ಹಿಂದಿನಿಂದ ‘ಈ ಬಿಡ ಯಾವುದ್ರಿ?’ ಅಂದಳು. ಕೈ ಮುಗಿದೆ.

ಕೊನೆಗೆ ನನಗೆ ತಿಳಿದ ಒಂದೇ ಉಪಾಯ ಮಾಡಿದೆ. ಇಂಗ್ಲಿಷಿನಲ್ಲಿ ಕನ್ನಡದ ಹಾಗೆ ಕರ್ತೃ ಕರ್ಮ ಎಲ್ಲ ನುಂಗಿ ಬರೀ ‘ಬಿಟ್ಟಿತು’ ಅನ್ನಲು ಬರುವುದಿಲ್ಲ. ಯಾರು ಬಿಟ್ಟರು, ಯಾರನ್ನು ಬಿಟ್ಟರು, ಎರಡನ್ನೂ ಹೇಳಲೇಬೇಕು. ಅದಕ್ಕೆ ಲೀವ್ ಬಂದಾಗಲೆಲ್ಲ ನಾನು ಡಸ್ಟರಿನಿಂದ ಟೇಬಲ್ ಕುಟ್ಟಿ ‘ಹೂ?’ ಅನ್ನುತ್ತಿದ್ದೆ, ಮತ್ತೊಮ್ಮೆ ಕುಟ್ಟಿ ‘ಹೂಮ್?’ ಅನ್ನುತ್ತಿದ್ದೆ. ಮಕ್ಕಳು ಎರಡನ್ನೂ ತುಂಬಿ ಹೇಳಬೇಕು. ವಿರುದ್ಧಪದ ಆಮೇಲೆ ನೋಡೋಣ, ಮೊದಲು ಯಾರು ಯಾರನ್ನು ಅನ್ನುವುದು ಗೊತ್ತಾಗಲಿ ಅಂದೆ. ಸಾಹೇಬರಿಗೆ ಗೊತ್ತಾದರೆ ಇದು ಯಾವ ಪದ್ಧತಿ ಎಂದು ಕೇಳುತ್ತಿದ್ದರು. ನನಗೂ ಗೊತ್ತಿರಲಿಲ್ಲ. ಹುಡುಗರು ಹೂ-ಹೂಮ್ ಎಂದು ಗೂಬೆಯ ಹಾಗೆ ಕೂಗುತ್ತ ಓಣಿಯಲ್ಲಿ ತಿರುಗುತ್ತಿದ್ದರು.

ಬೇಸಿಗೆಗೆ ಮುಂಚೆ ಒಂದು ಬೆಳಿಗ್ಗೆ ಲಗಮವ್ವನ ಅಪ್ಪ ಸಾಲಿಗೆ ಬಂದ. ಬಿಳಿ ಅಂಗಿ, ತಲೆಗೆ ಟೊಪ್ಪಿಗೆ, ಕೈಯಲ್ಲಿ ಬಾಳೆಹಣ್ಣಿನ ಚೀಲ. ಮಗಳ ಹೆಸರು ತೆಗೆಸಿ, ಎಲ್‌ಸಿ, ಅಂದರೆ ಲೀವಿಂಗ್ ಸರ್ಟಿಫಿಕೇಟು ಇಸಿದುಕೊಂಡು, ಅವಳನ್ನು ಊರಿಗೆ ಕರೆದುಕೊಂಡು ಹೋಗುವುದಕ್ಕೆ ಬಂದಿದ್ದ. ಹೆಡ್‌ಮಾಸ್ತರರ ಕೋಣೆಯಲ್ಲಿ ಬೇರೆ ಏನೋ ಕೆಲಸಕ್ಕೆ ಹೋಗಿದ್ದ ನಾನು ಅಲ್ಲೇ ಉಳಿದೆ.

‘ನಮ್ಮವ್ವ ಹಾಸಿಗಿ ಹಿಡದಾಳ್ರಿ’ ಅಂದ ಅವನು. ‘ರೊಟ್ಟಿ ಬಡ್ಯಾಕ ಯಾರೂ ಇಲ್ಲ. ನನ್ನ ಮಗಳ ನನ್ನ ಮನ್ಯಾಗ ಇರಲಿ.’

‘ಅಲ್ಲೆ ಸಾಲೀಗ ಹಾಕತೀರೇನ್ರಿ?’ ನಾನು ಕೇಳಿದೆ.

‘ನೋಡೂನ್ರಿ ಅಕ್ಕೋರ.’

ನೋಡೋಣ ಅಂದರೆ ಏನೆಂದು ನಮಗೆಲ್ಲ ಗೊತ್ತು. ಈ ಸಾಲಿಯಿಂದ ಹೆಸರು ಹೋದರೆ ಆ ಹುಡುಗಿ ತಿರುಗಿ ಯಾವ ಸಾಲಿಯ ಮೆಟ್ಟಿಲನ್ನೂ ಹತ್ತುವುದಿಲ್ಲ. ಆದರೆ ಅವನೇನು ಕೇಡಿಗನಂತೆ ಕಾಣಲಿಲ್ಲ. ದಣಿದಿದ್ದ. ‘ಊರಾಗೆಲ್ಲ ನಾ ಬಿಟ್ಟೇನಿ ಅಂತಾರಂತ. ನಾ ಎಲ್ಲಿ ಬಿಟ್ಟೇನ್ರಿ? ಆಕಿನ ನನ್ನ ಬಿಟ್ಟಾಳ’ ಎಂದು ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಆ ಮನುಷ್ಯನ ಮೇಲೆ ಸಿಟ್ಟು ಮಾಡಬೇಕೋ ಮರುಗಬೇಕೋ ತಿಳಿಯದೆ ನಾನು ಗೋಡೆಯ ನಕಾಶೆ ನೋಡುತ್ತ ನಿಂತೆ.

ತುಕ್ಕಾನಟ್ಟಿಯ ಹೆಡ್‌ಮಾಸ್ತರರು ಒಳ್ಳೆಯವರು, ಆದರೆ ಜಗಳವೆಂದರೆ ಜ್ವರ ಬರುವಷ್ಟು ಅಂಜಿಕೆ. ಹಾವು ಸಾಯಬೇಕು, ಕೋಲು ಮುರಿಯಬಾರದು ಎನ್ನುವ ಜಾತಿ. ಹುಡುಗಿಯನ್ನೇ ಕೇಳಿಬಿಟ್ಟರೆ ತಮ್ಮ ತಲೆಯ ಮೇಲಿಂದ ಇಳಿಯುತ್ತದೆ ಎಂದು ಅವಳನ್ನು ಕರೆಸಿದರು. ಅಷ್ಟರಲ್ಲಿ ಯಾರೋ ಹೊಲಕ್ಕೆ ಸುದ್ದಿ ಮುಟ್ಟಿಸಿದ್ದರು. ಕಲ್ಲವ್ವ ಕೈಗೆ ಮೆತ್ತಿದ ಮಣ್ಣು ಸಹ ತೊಳೆಯದೆ ಓಡಿಬಂದು ಬಾಗಿಲಿನ ಹೊರಗೆ ನಿಂತಳು. ಒಳಗೆ ಬರಲಿಲ್ಲ.

ಹೆಡ್‌ಮಾಸ್ತರರು ಮೃದುವಾಗಿ ಕೇಳಿದರು: ‘ಏನವ್ವಾ ಲಗಮವ್ವ, ನಿಮ್ಮಪ್ಪ ಬಂದಾರ. ಬಿಡತೀ ಏನ?’

ಲಗಮವ್ವ ನೆಲ ನೋಡುತ್ತ ‘ಬಿಡತೇನ್ರಿ’ ಅಂದಳು.

ಹೆಡ್‌ಮಾಸ್ತರರು ಉಸಿರುಬಿಟ್ಟು ‘ಆತಲ್ಲ, ಸಾಲಿ ಬಿಡತಾಳಂತ’ ಎಂದು ಪೆನ್ನಿಗೆ ಕೈ ಹಾಕಿದರು. ಅಪ್ಪ ‘ಅವ್ವನ್ನ ಬಿಟ್ಟ ಬರತಾಳ, ಶಾಣ್ಯಾಕಿ ಅದಾಳ’ ಅಂದ. ಹೊರಗೆ ಕಲ್ಲವ್ವ, ಮಗಳು ತನ್ನನ್ನೇ ಬಿಟ್ಟಳು ಎಂದುಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತಳು. ಒಂದೇ ಶಬ್ದ. ಮೂವರಿಗೂ ಬೇರೆ ಬೇರೆ ಕೇಳಿಸಿತ್ತು, ಮೂವರೂ ತಮಗೆ ಕೇಳಿಸಿದ್ದೇ ಖರೆ ಎಂದುಕೊಂಡಿದ್ದರು. ನನಗಂತೂ ಏನೂ ತಿಳಿಯಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಬುದ್ಧಿವಂತಿಕೆ ಎಂದು ಕೆಲವರು ಹೊಗಳಿದ್ದಾರೆ. ಬುದ್ಧಿಯೂ ಅಲ್ಲ, ಮಣ್ಣೂ ಅಲ್ಲ, ಬರೀ ರೂಢಿ. ಕೈ ತಾನಾಗಿಯೇ ಹೆಡ್‌ಮಾಸ್ತರರ ಟೇಬಲನ್ನು ಕುಟ್ಟಿತು.

‘ಲಗಮವ್ವ! ಹೂ?’

ಅವಳು ತಲೆ ಎತ್ತಿದಳು. ಹೆಡ್‌ಮಾಸ್ತರರು ಬೆಚ್ಚಿ ಪೆನ್ನು ಕೆಳಗೆ ಬೀಳಿಸಿದರು.

‘ಐ’ ಅಂದಳು.

ಮತ್ತೆ ಕುಟ್ಟಿದೆ. ‘ಹೂಮ್?’

ಅವಳು ಅಪ್ಪನ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದಳು. ‘ಐ ಲೀವ್ ಫಾದರ್.’

ಕೋಣೆಯಲ್ಲಿ ಇಂಗ್ಲಿಷ್ ಬರುವವರು ನಾನು, ಹೆಡ್‌ಮಾಸ್ತರರು ಇಬ್ಬರೇ. ಕನ್ನಡದಲ್ಲಿ ಅಪ್ಪನ ಎದುರು ನಿಂತು ಆ ಮಾತು ಹೇಳುವ ಹುಡುಗಿ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಇಂಗ್ಲಿಷಿನ ಸೆರಗಿನಲ್ಲಿ ಮುಚ್ಚಿಕೊಂಡು ಹೇಳಿಬಿಟ್ಟಿದ್ದಳು. ಸಾಲಿಯ ಗತಿ ಏನು ಎಂದು ಇನ್ನೂ ಗೊತ್ತಾಗಿರಲಿಲ್ಲ.

‘ಸ್ಕೂಲ್? ಲೀವ್?’ ಅಂದೆ.

ಅವಳು ಜೋರಾಗಿ ತಲೆ ಅಲ್ಲಾಡಿಸಿದಳು. ಇಲ್ಲ ಎನ್ನುವುದಕ್ಕೆ ‘ಡು ನಾಟ್’ ಹಾಕಿ ಹೇಳಬೇಕೆಂದು ಹಿಂದಿನ ವಾರವಷ್ಟೇ ಕಲಿಸಿದ್ದೆ, ಅದು ನೆನಪಾಗಲಿಲ್ಲ. ವಿರುದ್ಧಪದಕ್ಕಾಗಿ ತಡಕಾಡಿದಳು. ಅರೈವ್, ಸ್ಟೇ, ಜಾಯಿನ್, ನನ್ನ ಕೊರಳಿಗೆ ಬಿದ್ದಿದ್ದ ಯಾವುದೂ ಅವಳ ಬಾಯಿಗೆ ಬರಲಿಲ್ಲ. ಅಪ್ಪನ ಊರಿನ ಸಾಲಿಯಲ್ಲಿ ಸಣ್ಣವಳಿದ್ದಾಗ ಆಡುತ್ತಿದ್ದ ಮಾತು ಬಂತು.

‘ಐ ಫುಲ್ ಸ್ಕೂಲ್.’

ಹೆಡ್‌ಮಾಸ್ತರರಿಗೆ ಅದು ತಿಳಿಯಲಿಲ್ಲ, ಅವರು ಗಡಿಭಾಗದವರಲ್ಲ. ನನಗೆ ತಿಳಿಯಿತು. ಕಣ್ಣಿನಲ್ಲಿ ನೀರು ಬಂತು. ಬಂತು ಅಂದರೆ ಬಂತು, ಅದರಲ್ಲಿ ಮುಚ್ಚಿಡುವುದೇನಿದೆ? ಕಣಗಲಾದಲ್ಲಿ ಸಾಹೇಬರ ಎದುರು ನನ್ನ ಮಾನ ಕಳೆದಿದ್ದ ಅದೇ ತಪ್ಪು ಉತ್ತರ. ತಪ್ಪು ಎಂದು ಹೇಳಲು ನನಗೆ ಬಾಯಿಯೇ ಬರಲಿಲ್ಲ.

‘ಏನಂದ್ಲ್ರಿ?’ ಅಪ್ಪ ಕೇಳಿದ.

ಎರಡು ವಾಕ್ಯ ಹೇಳಿದ್ದಳು. ನಾನು ಒಂದನ್ನೇ ಕನ್ನಡಕ್ಕೆ ತಂದೆ. ‘ಸಾಲಿ ತುಂಬತೇನಿ ಅಂದ್ಲ್ರಿ.’

ಅವನು ಗಡಿಭಾಗದವನು, ನನ್ನ ಹಾಗೇ. ಕೂಡಲೇ ತಿಳಿಯಿತು. ಮಗಳನ್ನು ನೋಡಿದ. ಟೊಪ್ಪಿಗೆಯ ಅಂಚನ್ನು ತಿರುವುತ್ತ ಕೂತ. ‘ನಾ ಈಕೀನ್ನ ಮೊದಲ ದಿನಾ ಹೆಗಲ ಮ್ಯಾಲ ಹೊತ್ತ ಒಯ್ದಿದ್ನ್ರಿ. ದಾರಿಗುಂಟ ಸಾಲಿ ತುಂಬಿತೇನಪ್ಪಾ, ಸಾಲಿ ತುಂಬಿತೇನಪ್ಪಾ ಅಂತ ಕೇಳ್ತಿತ್ತ’ ಅಂದ. ಎದ್ದ. ಹೆಡ್‌ಮಾಸ್ತರರಿಗೆ ಕೈ ಮುಗಿದ. ಬಾಗಿಲ ಹೊರಗೆ ಕಲ್ಲವ್ವ ಕಾಲು ಸರಿಸಿ ದಾರಿ ಕೊಟ್ಟಳು. ಮೊದಲ ವಾಕ್ಯವನ್ನು ನಾನು ಅವನಿಗೆ ಹೇಳಲಿಲ್ಲ, ಯಾರೂ ಹೇಳಲಿಲ್ಲ. ಅದು ಇವತ್ತಿಗೂ ಇಂಗ್ಲಿಷಿನಲ್ಲೇ ಇದೆ.

ಬಾಳೆಹಣ್ಣಿನ ಚೀಲ ಟೇಬಲಿನ ಮೇಲೆ ಉಳಿದಿತ್ತು. ಮರುದಿನ ಲಗಮವ್ವ ತರಗತಿಯಲ್ಲಿ ಕೈ ಎತ್ತಿದಳು.

‘ಅಕ್ಕೋರ, ಅಪ್ಪ ಹ್ವಾದಾ. ಅದು ಲೆಫ್ಟ್ ಅಲ್ರಿ?’

‘ಹೂಂ, ಹೀ ಲೆಫ್ಟ್.’

‘ಬಾಳೆಹಣ್ಣ ಉಳದಾವ. ಅದಕ್ಕೇನಂತಾರ್ರಿ?’

ನಾನು ಹೇಳಲೋ ಬೇಡವೋ ಎಂದು ಯೋಚಿಸಿದೆ. ‘ಬನಾನಾಸ್ ಆರ್ ಲೆಫ್ಟ್.’

‘ಹ್ವಾದದ್ದೂ ಲೆಫ್ಟ್, ಉಳದದ್ದೂ ಲೆಫ್ಟ್?’ ಅಂದಳು. ನನ್ನ ಮುಖ ನೋಡಿ, ಪಾಪ ಅನ್ನಿಸಿತೇನೋ, ಕೂತುಬಿಟ್ಟಳು. ಅವಳು ಹತ್ತನೆಯ ಇಯತ್ತೆ ಮುಗಿಸಿದಳು. ಇಂಗ್ಲಿಷಿನಲ್ಲಿ ಹೇಗೋ ದಾಟಿಕೊಂಡಳು. ವಿರುದ್ಧಪದದ ಪ್ರಶ್ನೆಗೆ ಏನು ಬರೆದಳೋ ನಾನು ಕೇಳಲಿಲ್ಲ.

ನನಗೆ ಗೋಕಾಕಿಗೆ ವರ್ಗವಾದಾಗ ಕಲ್ಲವ್ವ ಮನೆಗೆ ಕರೆದು ಉಡಿ ತುಂಬಿದಳು. ಒಂದು ಕುಪ್ಪಸದ ಕಣ, ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ. ಊರು ಬಿಡುವ ಹೆಣ್ಣುಮಗಳನ್ನು ಬರಿ ಉಡಿಯಲ್ಲಿ ಕಳಿಸಬಾರದು. ಸೆರಗೊಡ್ಡಿ ಕೂತಾಗ ನನಗೆ ತಟ್ಟನೆ ಅನ್ನಿಸಿತು: ಇದೇನು, ಬಿಟ್ಟು ಹೋಗುವವಳಿಗೇ ತುಂಬುತ್ತಾರಲ್ಲ? ಹಾಗಾದರೆ ತುಂಬುವುದು ಬಿಡುವುದರ ವಿರುದ್ಧ ಹೇಗಾದೀತು? ಕೈಗೆ ಬಂದಿದ್ದ ಒಂದು ಉತ್ತರವೂ ಅಕ್ಕಿಯೊಳಗೆ ಜಾರಿ ಹೋಯಿತು.

ಎದ್ದು ಬರುವಾಗ ತಡೆಯಲಾರದೆ ಕೇಳಿದೆ. ‘ಕಲ್ಲವ್ವಾ, ತಪ್ಪ ತಿಳ್ಕೋಬ್ಯಾಡ. ಖರೆ ಹೇಳ, ಯಾರು ಯಾರನ್ನ ಬಿಟ್ಟಿರಿ?’

ಅವಳು ಕೆಳಗೆ ಚೆಲ್ಲಿದ ಅಕ್ಕಿಕಾಳು ಆರಿಸತೊಡಗಿದಳು. ‘ನೆನಪಿಲ್ರಿ ಅಕ್ಕೋರ. ಜಗಳಾ ಆತು. ಬಸ್ ಬಂತು. ಹತ್ತಿದ್ನಿ.’

ಗೋಕಾಕಿನಲ್ಲಿ ಉಳಿದ ನೌಕರಿ ಮುಗಿಸಿದೆ. ಪದ್ಧತಿ ಮತ್ತೆ ಬದಲಾಯಿತು. ಪರದೆ ಬಂತು, ಫೋನು ಬಂತು, ಹುಡುಗರು ನಾನು ಬಾಯಿ ತೆರೆಯುವ ಮೊದಲೇ ಉತ್ತರ ತೋರಿಸತೊಡಗಿದರು. ಲೀವ್ ಎಂದು ಒತ್ತಿದರೆ ಬರುವುದೆಲ್ಲ ನನಗೆ ಪರಿಚಯದವರೇ. ಕ್ಯಾಚ್ ಇರಲಿಲ್ಲ, ಫುಲ್ ಇರಲಿಲ್ಲ. ಆ ಇಬ್ಬರು ಇಲ್ಲದ ಪಟ್ಟಿಯನ್ನು ನಂಬಲು ನನಗೆ ಮನಸ್ಸು ಬರಲಿಲ್ಲ, ಬೇರೆ ಏನು ಹೇಳಿಕೊಡಬೇಕೋ ಅದೂ ತಿಳಿಯಲಿಲ್ಲ. ಡಸ್ಟರಿನಿಂದ ಕುಟ್ಟಿ ಹೂ, ಹೂಮ್ ಎಂದು ಕೇಳುತ್ತಲೇ ನಿವೃತ್ತಳಾದೆ.

ವಿದ್ಯಾ ಫೋನು ಮಾಡಿದ ಮರುವಾರ ಒಂದು ಮದುವೆಗೆಂದು ಮೂಡಲಗಿಗೆ ಹೋಗಿದ್ದೆ. ತಿರುಗಿ ಬರಲು ಗೋಕಾಕ ಬಸ್ಸು ಹತ್ತಿದೆ. ಲಗ್ನದ ಸುಗ್ಗಿ, ಕಾಲಿಡಲು ಜಾಗವಿಲ್ಲ. ಕೆಳಗಿನಿಂದ ಒಂದು ಹೆಣ್ಣುದನಿ ಎಲ್ಲರನ್ನೂ ಬೈಯುತ್ತ ಒಳಗೆ ದಬ್ಬುತ್ತಿತ್ತು. ‘ಹಿಂದ ಸರೀರಿ, ಇನ್ನೂ ಹಿಂದ. ಏ ಅಣ್ಣಾ, ಬಾಗಲಾ ಏನ ಹಿಡಕೊಂಡ ನಿಂತೀ, ಬಿಡ ಅದನ್ನ!’ ಖಾಕಿ ಅಂಗಿ, ಹೆಗಲಿಗೆ ಚೀಲ, ಕೈಯಲ್ಲಿ ಟಿಕೆಟಿನ ಯಂತ್ರ. ದೊಡ್ಡ ಹೆಜ್ಜೆ.

ಲಗಮವ್ವನೇ ಮೊದಲು ಗುರುತು ಹಿಡಿದಳು. ‘ಅಕ್ಕೋರ!’ ಎಂದವಳೇ ಕಿಟಕಿ ಪಕ್ಕದ ಒಬ್ಬ ತರುಣನನ್ನು ಎಬ್ಬಿಸಿ ನನ್ನನ್ನು ಕೂಡಿಸಿದಳು. ನಾನು ಕೈ ಹಿಡಿದುಕೊಂಡೆ. ಅವ್ವ ಹೇಗಿದ್ದಾಳೆ ಅಂದೆ, ತನ್ನ ಸಂಗಡವೇ ಗೋಕಾಕಿನಲ್ಲಿದ್ದಾಳೆ ಅಂದಳು. ಅಪ್ಪ?

‘ಹಬ್ಬಕ್ಕ ಬರತಾನ್ರಿ. ಬಂದಾಗೆಲ್ಲಾ ಬಾಳೆಹಣ್ಣ ತರತಾನ. ಇಬ್ಬರೂ ಜಗಳಾ ಮಾಡಂಗಿಲ್ಲ, ಮಾತೂ ಆಡಂಗಿಲ್ಲ. ಕುಂತ ತಿಂತಾರ.’

‘ಹಂಗಾದ್ರ ಬಿಟ್ಟಾರೋ, ಇಲ್ಲೋ?’

‘ಯಾರಿಗ್ಗೊತ್ತ್ರಿ ಅಕ್ಕೋರ!’ ಎಂದು ನಕ್ಕಳು. ಹಿಂದಿನಿಂದ ಯಾರೋ ‘ಬಸ್ ಬಿಡತೀರೋ ಇಲ್ಲೋ?’ ಎಂದು ಕೂಗಿದರು.

ಅವಳು ಬಾಗಿಲಿಗೆ ಹೋಗಿ ಬಗ್ಗಿ ಕೆಳಗೆ ನೋಡಿದಳು. ಇನ್ನೊಬ್ಬ ಮುದುಕಿಯನ್ನು ರಟ್ಟೆ ಹಿಡಿದು ಮೇಲೆ ಎಳೆದುಕೊಂಡು ಬಾಗಿಲು ಹಾಕಿದಳು. ಅಲ್ಲಿಂದಲೇ, ಅಷ್ಟು ಜನರ ತಲೆಯ ಮೇಲಿಂದ, ನನ್ನ ಕಡೆ ಮುಖ ಮಾಡಿ ಟಿಕೆಟಿನ ಯಂತ್ರದಿಂದ ಕಂಬಿಯನ್ನು ಎರಡು ಸಲ ಕುಟ್ಟಿದಳು.

‘ತುಂಬೈತ್ರಿ ಅಕ್ಕೋರ. ಬಿಡ್ಲೇನ್ರಿ?’